ಮುತಿಂತಾಳ ಒರಿಜಿನಲ್ ಸರ್ಟಿಫಿಕೇಟು

ಕಳೆದ ವರ್ಷ ಮಗಳ ಮನೆಗೆಂದು ಮಸ್ಕತ್ತಿಗೆ ಹೋಗಿದ್ದೆ. ಅವಳಿರುವುದು ಅಲ್ ಖುವೈರಿನಲ್ಲಿ. ಬೆಳಿಗ್ಗೆ ಅವಳೂ ಅಳಿಯನೂ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ನನಗೆ ಕಿಟಕಿಯಿಂದ ಹೈವೇಯ ಕಾರು ನೋಡುವುದೇ ಉದ್ಯೋಗ. ಒಂದು ದಿನ ಬೇಸರ ಬಂದು ಟ್ಯಾಕ್ಸಿ ಹಿಡಿದು ಹಮ್ರಿಯಾಕ್ಕೆ ಹೋದೆ. ಹದಿನಾಲ್ಕು ವರ್ಷ ಬದುಕಿದ ಜಾಗ. ನಮ್ಮ ಹಳೆಯ ಕಟ್ಟಡ ಇನ್ನೂ ನಿಂತಿತ್ತು. ಕೆಳಗೆ ಹಮೀದನ ಝೆರಾಕ್ಸ್ ಅಂಗಡಿ ಇದ್ದಲ್ಲಿ ಮೊಬೈಲ್ ರಿಪೇರಿಯವನು ಕುಳಿತಿದ್ದ. ಸುಮ್ಮನೆ ಮೆಟ್ಟಿಲು ಹತ್ತಿದೆ. ಮೊದಲ ಮಹಡಿಗೆ ಬರುವಷ್ಟರಲ್ಲಿ ಯಾರದೋ ಬಾಗಿಲಿನಿಂದ ನುಸಿಗುಳಿಗೆಯ ವಾಸನೆ ಬಂತು. ಊರಿಗೆ ಹೊರಟವರು ಯಾರೋ ಬಟ್ಟೆಯ ಪೆಟ್ಟಿಗೆ ತೆರೆದಿರಬೇಕು. ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಹಾಗೇ ಇಳಿದು ಬಂದೆ.

ಆ ವಾಸನೆ ಎಂದರೆ ನನಗೆ ಒಂದು ಕಬ್ಬಿಣದ ಕಪಾಟು, ಮತ್ತು ಎಂಬತ್ತೊಂಬತ್ತರ ಬೇಸಿಗೆ. ಆ ಬೇಸಿಗೆಯಲ್ಲಿ ನಾನು ಮಾಡಿದ್ದೇನೂ ಇಲ್ಲ. ಅದೇ ದೂರು.

ನಮ್ಮದೊಂದು ಆಡಳಿತ ಮಂಡಳಿ ಇತ್ತು. ಮಂಡಳಿ ಕುಳಿತದ್ದು ಮಸ್ಕತ್ತಿನಲ್ಲಿ, ಆಡಳಿತ ನಡೆಸಿದ್ದು ಆಫ್ರಿಕಾದ ತೆಂಕು ಭಾಗದ ಜಾಂಬಿಯಾದಲ್ಲಿದ್ದ ಒಂದು ಶಾಲೆಯ ಮೇಲೆ. ಕೇಳಿದವರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಇದಕ್ಕೆಲ್ಲ ಮೂಲ ರೇಮಂಡ್ ಮಾಸ್ತರ್ರು. ಅವರು ಕಲ್ಯಾಣಪುರದವರು. ಎಪ್ಪತ್ತರ ದಶಕದಲ್ಲಿ ಜಾಂಬಿಯಾಕ್ಕೆ ಹೋಗಿ, ರೈಲು ಹಳಿಯ ಪಕ್ಕದ ಒಂದು ಸಣ್ಣ ಪೇಟೆಯಲ್ಲಿ ಹನ್ನೊಂದು ವರ್ಷ ಲೆಕ್ಕ ಕಲಿಸಿದವರು. ಅಲ್ಲಿ ಏಳನೇ ತರಗತಿ ದಾಟಿದ ಮಕ್ಕಳಿಗೆ ಮುಂದೆ ಸೀಟೇ ಸಿಗುತ್ತಿರಲಿಲ್ಲವಂತೆ. ಅಂಥವರನ್ನು ಸೇರಿಸಿಕೊಂಡು ಇಗರ್ಜಿಯ ಜಗಲಿಯಲ್ಲಿ ಸಂಜೆ ಪಾಠ ಶುರು ಮಾಡಿದ್ದರು. ಆಮೇಲೆ ಒಮಾನಿಗೆ ಬಂದು ಇಬ್ರಾದ ಸರಕಾರಿ ಶಾಲೆ ಸೇರಿದರೂ ಅವರ ಜೀವ ಆ ಜಗಲಿಯಲ್ಲೇ ಉಳಿದಿತ್ತು. ಮಸ್ಕತ್ತಿಗೆ ಬಂದಾಗಲೆಲ್ಲ ಅದೇ ಮಾತು. ಕೇಳಿ ಕೇಳಿ ಊರಿನವರ ಮನಸ್ಸು ಕರಗಿತು. ಎಲ್ಲರೂ ಸೇರಿ ಟ್ರಸ್ಟು ಮಾಡಿದರು. ಜಗಲಿಯ ಪಾಠ ಎರಡು ಕೋಣೆಯ ಶಾಲೆಯಾಯಿತು. ಚೆನ್ನಾಗಿ ಓದಿದವರಿಗೆ ಮುಂದಿನ ತರಬೇತಿಯ ಖರ್ಚನ್ನೂ ಟ್ರಸ್ಟೇ ನೋಡಿಕೊಳ್ಳುತ್ತಿತ್ತು. ಒಳ್ಳೆಯ ಕೆಲಸವೇ. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಮಂಡಳಿಯಲ್ಲಿ ಏಳು ಜನ. ಆ ಏಳನ್ನು ತಕ್ಕಡಿಯಲ್ಲಿ ತೂಗಿ ಆರಿಸಿದ್ದೆವು. ಬಂಟರಿಗೆ ಇಷ್ಟು, ಕ್ರಿಶ್ಚಿಯನರಿಗೆ ಇಷ್ಟು, ಬ್ಯಾರಿಗಳಿಗೆ ಒಂದು, ಮೊಗವೀರರಿಗೆ ಒಂದು, ಮಂಗಳೂರಿನ ಕಡೆಯವರು ಹೆಚ್ಚಾದರೆ ಉಡುಪಿಯವರಿಗೆ ಬೇಸರ. ತುಳು, ಕೊಂಕಣಿ, ಬ್ಯಾರಿ ಎಂದು ತಕರಾರು ಬೇಡವೆಂದು ಸಭೆಯ ಭಾಷೆ ಕನ್ನಡವಾಯಿತು. ಯಾರಿಗೂ ಅನ್ಯಾಯವಾಗಬಾರದೆಂದು ಇಷ್ಟೆಲ್ಲ ಲೆಕ್ಕ ಹಾಕಿದ ನಾವು ಒಬ್ಬ ಜಾಂಬಿಯಾದವನನ್ನಾದರೂ ಸೇರಿಸಿಕೊಳ್ಳಬೇಕೆಂದು ಯೋಚಿಸಲಿಲ್ಲ. ಆ ಶಾಲೆಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ರೇಮಂಡ್ ಮಾಸ್ತರ್ರು ಒಬ್ಬರೇ.

ಅಧ್ಯಕ್ಷರು ಸದಾನಂದ ಶೆಟ್ಟರು. ದೊಡ್ಡದೊಂದು ಕಟ್ಟಡ ಕಂಪನಿಯ ಪರ್ಸೊನೆಲ್ ಮ್ಯಾನೇಜರ್. ನಾನು ಅದೇ ಕಂಪನಿಯಲ್ಲಿ, ಅವರದೇ ಕೈಕೆಳಗೆ ಕ್ಲಾರ್ಕು. ಶಿರ್ವದ ಒಬ್ಬ ಬಿಕಾಂ ಹುಡುಗನಾಗಿದ್ದ ನನಗೆ ವೀಸಾ ಕೊಡಿಸಿದವರು ಅವರು. ನನಗೆ ಮಾತ್ರ ಅಲ್ಲ, ಊರಿನ ಐವತ್ತು ಮನೆಯಲ್ಲಿ ಅವರ ಹೆಸರು ಹೇಳಿ ಊಟ ಮಾಡುತ್ತಿದ್ದರು. ಯಾರಿಗೆ ಹುಷಾರಿಲ್ಲ ಎಂದರೂ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಒಯ್ಯುವ ಮನುಷ್ಯ. ಅವರು ಕೆಟ್ಟವರಾಗಿದ್ದರೆ ಈ ಕತೆ ಹೇಳುವುದು ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನಾನು ಮಂಡಳಿಯ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಚಹಾ ಮಾಡುವವನು, ಕುರ್ಚಿ ಜೋಡಿಸುವವನು, ಅವರು ಆಡಿದ್ದನ್ನು ಪುಸ್ತಕದಲ್ಲಿ ಬರೆಯುವವನು. ಹಮ್ರಿಯಾದಲ್ಲಿ ಕಂಪನಿ ನನಗೆ ಕೊಟ್ಟಿದ್ದ ಫ್ಲಾಟಿನ ಚಾವಡಿಯೇ ಟ್ರಸ್ಟಿನ ಆಫೀಸು. ತಿಂಗಳ ಮೊದಲ ಶುಕ್ರವಾರ ನಾವು ಕ್ರಿಶ್ಚಿಯನರು ಇಗರ್ಜಿಯ ಪೂಜೆ ಮುಗಿಸಿ, ಬ್ಯಾರಿಗಳ ಪರವಾಗಿ ಮಂಡಳಿಯಲ್ಲಿದ್ದ ಕೆಳಗಿನ ಅಂಗಡಿಯ ಹಮೀದ್ ಜುಮ್ಮಾ ಮುಗಿಸಿ ಬಂದ ಮೇಲೆ ಸಭೆ. ಏಳರಲ್ಲಿ ಐವರಾದರೂ ಇದ್ದರೆ ಮಾತ್ರ ಕೋರಂ. ರೇಮಂಡ್ ಮಾಸ್ತರ್ರು ಇಬ್ರಾದಿಂದ ಶೇರ್ ಟ್ಯಾಕ್ಸಿಯಲ್ಲಿ ಬೆವರೊರೆಸಿಕೊಳ್ಳುತ್ತ ಬರುತ್ತಿದ್ದರು, ಕೈಯಲ್ಲಿ ಯಾವಾಗಲೂ ಒಂದು ಖರ್ಜೂರದ ಡಬ್ಬಿ.

ಆ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ಒಂದು ಪತ್ರ ಬಂದಿತ್ತು. ನಾವು ಶಿಕ್ಷಕ ತರಬೇತಿಗೆ ಕಳಿಸಿದ್ದ ಯುವಕನೊಬ್ಬ ಅರ್ಧದಲ್ಲೇ ಬಿಟ್ಟು ತಾಮ್ರದ ಗಣಿಯಲ್ಲಿ ಕೆಲಸಕ್ಕೆ ಸೇರಿದ್ದ. ಸಭೆಯಲ್ಲಿ ಎಲ್ಲರಿಗೂ ಸಿಟ್ಟು ಬಂತು. ಶೆಟ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದಕ್ಕೊಂದು ವ್ಯವಸ್ಥೆ ಉಂಟು. ನನ್ನ ಆಫೀಸಿನ ಸೇಫಲ್ಲಿ ನಾನ್ನೂರು ಪಾಸ್‌ಪೋರ್ಟ್ ಉಂಟು. ಒಬ್ಬನಾದ್ರೂ ಓಡಿ ಹೋಗಿದ್ದಾನಾ? ಇಲ್ಲ. ಯಾಕೆ? ಒರಿಜಿನಲ್ ನಮ್ಮ ಹತ್ರ ಉಂಟು ಅಂತ ಅವನಿಗೆ ಗೊತ್ತುಂಟು. ಈ ಮಕ್ಕಳದ್ದೂ ಸ್ಕೂಲ್ ಸರ್ಟಿಫಿಕೇಟ್ ಒರಿಜಿನಲ್ ನಾವು ಇಟ್ಕೊಳ್ಳುವ. ಅವರಿಗೆ ಝೆರಾಕ್ಸ್ ಕೊಡುವ. ಟ್ರೇನಿಂಗ್ ಮುಗಿಸಿ ಎರಡು ವರ್ಷ ನಮ್ಮ ಶಾಲೆಯಲ್ಲಿ ಕಲಿಸಲಿ, ಆಮೇಲೆ ರಿಲೀಸ್ ಲೆಟರ್ ಕೊಟ್ಟು ಕಳಿಸುವ. ಖಲಾಸ್."

"ಅವರು ನಮ್ಮ ಲೇಬರ್ ಅಲ್ಲ ಶೆಟ್ರೇ, ಸ್ಟೂಡೆಂಟ್ಸ್" ಎಂದರು ರೇಮಂಡ್ ಮಾಸ್ತರ್ರು.

"ನಾವೇನು ಕಿತ್ಕೊಳ್ತೇವಾ ಮಾಸ್ಟ್ರೇ? ಸೇಫಾಗಿ ಇಡ್ತೇವೆ. ನನ್ನ ಪಾಸ್‌ಪೋರ್ಟೂ ಕಫೀಲನ ಹತ್ರವೇ ಉಂಟಲ್ಲ. ಅಮ್ಮ ತೀರಿಕೊಂಡಾಗ ಕಫೀಲ ಸಲಾಲಾದಲ್ಲಿದ್ದ. ಕೀ ಅವನ ಹತ್ರ. ಮೂರು ದಿನ ಕಾದೆ. ಕೊಳ್ಳಿ ಇಟ್ಟದ್ದು ನನ್ನ ತಮ್ಮ. ಆದ್ರೂ ನಾನು ಒಂದು ಮಾತು ಆಡಿದ್ದೇನಾ? ರೂಲ್ ಅಂದ್ರೆ ರೂಲ್."

ತೀರಿಹೋದ ತಾಯಿಯ ಮಾತು ಬಂದ ಮೇಲೆ ಯಾರು ಎದುರಾಡುತ್ತಾರೆ? ನಮ್ಮಲ್ಲಿ ಪ್ರತಿಯೊಬ್ಬನ ಪಾಸ್‌ಪೋರ್ಟೂ ಕಫೀಲನ, ಅಂದರೆ ವೀಸಾ ಕೊಟ್ಟ ಒಮಾನಿ ಧಣಿಯ, ಕಂಪನಿಯ ಸೇಫಿನಲ್ಲಿತ್ತು. ಜೇಬಿನಲ್ಲಿ ಅದರ ಝೆರಾಕ್ಸ್ ಮಡಚಿಟ್ಟುಕೊಂಡು ತಿರುಗುವವರು ನಾವು. ಸ್ವಂತ ಕಾಗದ ಇನ್ನೊಬ್ಬನ ಕಪಾಟಿನಲ್ಲಿರುವುದು ನಮಗೆ ಅನ್ನ ಸಾರಿನಷ್ಟು ಅಭ್ಯಾಸವಾಗಿತ್ತು. ಏಳು ಕೈ ಮೇಲೆದ್ದವು. ರೇಮಂಡ್ ಮಾಸ್ತರ್ರ ಕೈ ಕೊನೆಗೆ ಎದ್ದಿತು, ಆದರೆ ಎದ್ದಿತು. ನನ್ನದಂತೂ ಎರಡನೆಯದೋ ಮೂರನೆಯದೋ.

"ಅಂದ್ರೆ ನಾವೂ ಈಗ ಕಫೀಲ್ ಆದೆವು ಅಂತಾಯ್ತು" ಎಂದ ಹಮೀದ್. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆಮೇಲೆ ಬಿರಿಯಾನಿ ಬಂತು.

ಎರಡು ತಿಂಗಳಲ್ಲಿ ಜಾಂಬಿಯಾದಿಂದ ಬಂದ ಮಾಸ್ತರ್ರ ಗೆಳೆಯರೊಬ್ಬರು ಹತ್ತೊಂಬತ್ತು ಸರ್ಟಿಫಿಕೇಟುಗಳನ್ನು ಕೈಚೀಲದಲ್ಲಿ ತಂದುಕೊಟ್ಟರು. ದಪ್ಪ ಕಾಗದ, ಮೇಲೆ ಒತ್ತಿದ ಮುದ್ರೆ. ಹಮೀದ್ ತನ್ನ ಮಿಷನ್ನಿನಲ್ಲಿ ಒಂದೊಂದರದೂ ಚೆಂದದ ನಕಲು ತೆಗೆದ. ನಕಲು ಮಕ್ಕಳಿಗೆ ಹೋಯಿತು. ಅಸಲು ನನ್ನ ಚಾವಡಿಯ ಕಬ್ಬಿಣದ ಕಪಾಟಿನಲ್ಲಿ ಕುಳಿತಿತು. ಹುಳ ಹಿಡಿಯಬಾರದೆಂದು ಶೆಟ್ಟರೇ ಒಂದು ಪೊಟ್ಟಣ ನುಸಿಗುಳಿಗೆ ತಂದು ಹಾಕಿದರು. ಕೀ ನನ್ನ ಹತ್ತಿರ. ಆದರೆ ಅಧ್ಯಕ್ಷರ ಸಹಿ ಇಲ್ಲದೆ ಕಪಾಟು ತೆರೆಯುವಂತಿಲ್ಲ ಎಂದು ಠರಾವಿನಲ್ಲಿ ಬರೆದಿತ್ತು. ಬರೆದವನು ನಾನೇ.

ಎಂಬತ್ತೊಂಬತ್ತರ ಮೇ ತಿಂಗಳ ಕೊನೆಗೆ ಮುತಿಂತಾಳ ಪತ್ರ ಬಂತು. ನಮ್ಮ ಶಾಲೆಯಲ್ಲಿ ಕಲಿತು, ನಮ್ಮದೇ ಖರ್ಚಿನಲ್ಲಿ ಲೆಕ್ಕಪತ್ರದ ತರಬೇತಿ ಮುಗಿಸಿ, ಆಗಷ್ಟೇ ಶಾಲೆಯಲ್ಲಿ ಕಲಿಸಲು ಸೇರಿದ್ದ ಹುಡುಗಿ. ವಯಸ್ಸು ಇಪ್ಪತ್ತು. ನೀಲಿ ಶಾಯಿಯ ದುಂಡು ಅಕ್ಷರ. ಸರಕಾರಿ ನರ್ಸಿಂಗ್ ಶಾಲೆಯಲ್ಲಿ ತನಗೆ ಸೀಟು ಸಿಕ್ಕಿದೆ, ಜಿಲ್ಲೆಯಿಂದ ಆಯ್ಕೆಯಾದದ್ದು ಮೂವರೇ, ಆಗಸ್ಟ್ ಕೊನೆಯ ಸೋಮವಾರ ಅಸಲು ಸರ್ಟಿಫಿಕೇಟಿನ ಸಮೇತ ಹಾಜರಾಗಬೇಕು, ಝೆರಾಕ್ಸ್ ಒಪ್ಪುವುದಿಲ್ಲ, ಹೋಗದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮುಂದಿನ ವರ್ಷ ತನಗೆ ವಯಸ್ಸು ಮೀರುತ್ತದೆ. ತಾನು ನಿಯಮ ಮುರಿಯುತ್ತಿಲ್ಲ, ನರ್ಸ್ ಆದ ಮೇಲೆ ಸಂಜೆ ಹೊತ್ತು ಬಂದು ಬಾಕಿ ಎರಡು ವರ್ಷವೂ ಕಲಿಸುತ್ತೇನೆ ಎಂದಿದ್ದಳು. ಕೊನೆಗೆ ಹೀಗೆ ಬರೆದಿದ್ದಳು: ಮಂಡಳಿಯ ಹಿರಿಯರೆಲ್ಲ ಹೆಣ್ಣುಮಕ್ಕಳ ತಂದೆಯರೂ ಆಗಿರಬಹುದು, ಆದ್ದರಿಂದ ನನಗೆ ಭಯವಿಲ್ಲ.

ನನಗೆ ಆಗ ಒಂದು ವರ್ಷದ ಮಗಳಿದ್ದಳು, ಶಿರ್ವದಲ್ಲಿ. ಅವಳ ಮುಖ ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಹೆಂಡತಿ ಫ್ಲೋರಿನ್ ಮತ್ತು ಮಗುವನ್ನು ಕರೆಸಿಕೊಳ್ಳಬೇಕಾದರೆ ನನಗೆ ಫ್ಯಾಮಿಲಿ ಸ್ಟೇಟಸ್ ಬೇಕು, ಕ್ಲಾರ್ಕಿಗೆ ಅದು ಸಿಗುವುದಿಲ್ಲ. ಕಾಗದದ ಮೇಲೆ ನನ್ನನ್ನು ಅಸಿಸ್ಟೆಂಟ್ ಆಫೀಸರ್ ಎಂದು ಬದಲಾಯಿಸಿ ಕಂಪನಿಯಿಂದ ಪತ್ರ ಹೋಗಬೇಕು. ಆ ಪತ್ರಕ್ಕೆ ಸಹಿ ಹಾಕಬೇಕಾದವರು ಶೆಟ್ಟರು. ಅರ್ಜಿ ಅವರ ಮೇಜಿನ ಮೇಲೆ ಎರಡು ತಿಂಗಳಿನಿಂದ ಇತ್ತು.

ಜೂನ್ ತಿಂಗಳ ಮೊದಲ ಶುಕ್ರವಾರ ಸಭೆಗೆ ಬಂದವರು ನಾಲ್ವರು. ಗಲ್ಫಿನಲ್ಲಿ ಇದ್ದವರಿಗೆ ಗೊತ್ತು, ಮಕ್ಕಳ ಶಾಲೆಗೆ ರಜೆ ಸಿಕ್ಕಿತೆಂದರೆ ಸಂಸಾರಸ್ಥರು ಒಬ್ಬೊಬ್ಬರಾಗಿ ಊರಿಗೆ ಹಾರುತ್ತಾರೆ. ಆ ಬಿಸಿಲಿನಲ್ಲಿ ಉಳಿಯುವವರು ನಮ್ಮಂಥ ಒಂಟಿಗಳು ಮಾತ್ರ. ನಲ್ಲಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಕುದಿಯುವ ನೀರು. ಚಾವಡಿಯ ಏಸಿ ಕೆಮ್ಮುತ್ತ ಬಕೆಟಿಗೆ ಹನಿ ಬೀಳಿಸುತ್ತಿತ್ತು. ಶೆಟ್ಟರು, ಮಾಸ್ತರ್ರು, ಹಮೀದ್, ನಾನು. ನಾನು ಪತ್ರ ಓದಿದೆ. ಮಾಸ್ತರ್ರ ಕಣ್ಣಲ್ಲಿ ನೀರು.

"ನನ್ನ ಜಗಲಿಯಲ್ಲಿ ಲೆಕ್ಕ ಕಲಿತ ಮಗು ಅದು. ಇವತ್ತೇ ಕಳಿಸಿ ಬಿಡುವ ಶೆಟ್ರೇ."

"ಹುಡುಗಿ ಒಳ್ಳೆಯವಳೇ, ನಾನು ಇಲ್ಲ ಅಂತ ಹೇಳಿದೆನಾ?" ಎಂದರು ಶೆಟ್ಟರು. "ಆದ್ರೆ ಕೋರಂ ಇಲ್ಲ. ನಾಲ್ಕು ಜನ ಕೂತು ರೂಲ್ ಬದಲಾಯಿಸಿದ್ರೆ ನಾಳೆ ಊರಿನಿಂದ ಬಂದ ಆ ಮೂವರು ಏನು ಹೇಳ್ತಾರೆ? ಶೆಟ್ರು ಸ್ವಂತ ಅಂಗಡಿ ನಡೆಸ್ತಾರೆ ಅಂತ ಹೇಳ್ತಾರೆ. ಬೇಡ ಮಾರಾಯ್ರೇ. ಮುಂದಿನ ಮೀಟಿಂಗಿಗೆ ಇಡುವ."

"ಮುಂದಿನ ಮೀಟಿಂಗಿಗೆ ನೀವೇ ಇರುವುದಿಲ್ಲ" ಎಂದ ಹಮೀದ್. "ಹದಿನೈದಕ್ಕೆ ನಿಮ್ಮ ಫ್ಲೈಟು."

"ಸೆಪ್ಟೆಂಬರಲ್ಲಿ ಬರ್ತೇನಲ್ಲ."

ನಾನು ಪುಸ್ತಕದಲ್ಲಿ "ವಿಷಯವನ್ನು ಮುಂದಿನ ಸಭೆಗೆ ಕಾಯ್ದಿರಿಸಲಾಯಿತು" ಎಂದು ಬರೆದೆ. ಕೋರಂ ಇಲ್ಲದ ಸಭೆಗೆ ನಡಾವಳಿ ಬರೆಯುವ ಹಾಗೇ ಇಲ್ಲ, ಆದರೂ ಬರೆದೆ. ಮುತಿಂತಾಳಿಗೆ ಟೈಪು ಮಾಡಿ ಉತ್ತರ ಕಳಿಸಿದೆ. ನಿಮ್ಮ ಮನವಿ ಪರಿಶೀಲನೆಯಲ್ಲಿದೆ ಎಂಬ ಎರಡು ಸಾಲು.

ಜೂನ್ ಕಳೆಯಿತು. ಜಾಂಬಿಯಾಕ್ಕೆ ರಿಜಿಸ್ಟರ್ಡ್ ಅಂಚೆ ತಲುಪಲು ಮೂರು ವಾರ, ಕೆಲವೊಮ್ಮೆ ನಾಲ್ಕು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಎಣಿಸಿದೆ. ಜುಲೈ ಇಪ್ಪತ್ತೈದರೊಳಗೆ ಹೋದರೆ ಸಾಕು. ಕಪಾಟಿನ ಕೀ ನನ್ನ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು. ಆಫೀಸಿನಲ್ಲಿ ಕೂತಾಗ ತೊಡೆಗೆ ಒತ್ತುತ್ತಿತ್ತು. ಸರ್ಟಿಫಿಕೇಟನ್ನು ತೆಗೆದು ಲಕೋಟೆಗೆ ಹಾಕಿ ರೂವಿಯ ಪೋಸ್ಟಾಫೀಸಿಗೆ ನಡೆದು ಹೋಗಿ ಬರಲು ಒಂದು ಗಂಟೆಯ ಕೆಲಸ.

ಜುಲೈ ಮೊದಲ ವಾರ ಟೆಲಿಫೋನ್ ಆಫೀಸಿಗೆ ಹೋಗಿ ಮಂಗಳೂರಿಗೆ ಕಾಲ್ ಹಾಕಿದೆ. ಅರ್ಧ ಗಂಟೆ ಕಾದ ಮೇಲೆ ಶೆಟ್ಟರು ಸಿಕ್ಕರು. ಅತ್ತ ಕಡೆ ಮಳೆ ಹೊಡೆಯುವ ಸದ್ದು ಕೇಳುತ್ತಿತ್ತು.

"ಎಂತ ವಿಕ್ಟರ್, ಎಲ್ಲ ಸರಿ ಉಂಟಾ?"

ಹೇಳಿದೆ. ನೀವು ಫೋನಿನಲ್ಲೇ ಹೂಂ ಅಂದರೆ ಸಾಕು, ನಾನು ಕಳಿಸುತ್ತೇನೆ, ಸಹಿ ಆಮೇಲೆ ಹಾಕಬಹುದು ಎಂದೆ.

"ಫೋನಲ್ಲಿ ಹೇಗೆ ಮಾರಾಯ? ನೀನು ಆಫೀಸಲ್ಲಿ ಕೆಲಸ ಮಾಡುವವ, ನಿನಗೆ ಗೊತ್ತಿಲ್ವಾ? ನಾನು ಬಂದು ನೋಡುವ." ಆಮೇಲೆ, ಅದೇ ಸ್ವರದಲ್ಲಿ, ಪ್ರೀತಿಯಿಂದಲೇ ಎನ್ನಬೇಕು, "ನಿನ್ನ ಹೆಂಡತಿಯ ಪೇಪರೂ ನನಗೆ ನೆನಪುಂಟು. ಬಂದ ಕೂಡಲೇ ಮೊದಲು ಅದೇ ಮಾಡುವುದು. ನೀನು ತಲೆಬಿಸಿ ಮಾಡಬೇಡ."

ಅದು ಬೆದರಿಕೆಯೋ ಉಪಕಾರವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ಅವರ ಮನಸ್ಸಿನಲ್ಲಿ ಎರಡು ವಿಷಯಕ್ಕೂ ಸಂಬಂಧವೇ ಇರಲಿಲ್ಲ. ಸಂಬಂಧ ಕಟ್ಟಿದವನು ನಾನು. ಹೆದರಿದವನಿಗೆ ಎಲ್ಲವೂ ಹಗ್ಗದಲ್ಲಿ ಕಟ್ಟಿದ ಹಾಗೇ ಕಾಣುತ್ತದೆ. ನಾನು ಫೋನು ಇಟ್ಟು ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೀ ಜೇಬಿನಲ್ಲಿತ್ತು.

ಜುಲೈ ಇಪ್ಪತ್ತೊಂದರ ಶುಕ್ರವಾರ ರೇಮಂಡ್ ಮಾಸ್ತರ್ರು ಬಂದರು. ಇಬ್ರಾದಲ್ಲಿ ಖರ್ಜೂರ ಕೊಯ್ಯುವ ದಿನಗಳು, ಆದರೆ ಆ ಸಲ ಅವರ ಕೈ ಬರಿದಾಗಿತ್ತು. ಬಾಗಿಲು ತೆರೆದರೆ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡು ನಿಂತಿದ್ದಾರೆ. ನೀರು ಕೊಟ್ಟೆ. ಎರಡು ಲೋಟ ಕುಡಿದು ಕಪಾಟಿನ ಎದುರಿನ ಕುರ್ಚಿಯಲ್ಲಿ ಕುಳಿತರು.

ನಾವಿಬ್ಬರೂ ಕೊಂಕಣಿಯವರು. ಸಭೆಯ ಹೊರಗೆ ನಾವು ಆಡುತ್ತಿದ್ದುದು ಕೊಂಕಣಿಯೇ, ಅವರು ನನ್ನನ್ನು ಪುತಾ, ಅಂದರೆ ಮಗನೇ, ಎಂದೇ ಕರೆಯುತ್ತಿದ್ದರು. ಆ ದಿನ ಅವರು ಕನ್ನಡದಲ್ಲಿ ಮಾತಾಡಿದರು.

"ಕೀ ಕೊಡಿ ವಿಕ್ಟರ್."

"ಅಧ್ಯಕ್ಷರ ಸಹಿ ಇಲ್ಲದೆ ಹೇಗೆ ಮಾಸ್ಟ್ರೇ?"

"ನೀವು ತೆಗೆಯುವುದು ಬೇಡ. ಕೀ ಮೇಜಿನ ಮೇಲಿಟ್ಟು ನೀವು ಕೆಳಗೆ ಹೋಗಿ ಒಂದು ಚಹಾ ಕುಡಿದು ಬನ್ನಿ. ಕೇಳಿದ್ರೆ ಮಾಸ್ಟ್ರು ಕದ್ದರು ಅಂತ ಹೇಳಿ. ನನಗೆ ಐವತ್ತೆಂಟಾಯ್ತು, ನನ್ನನ್ನು ಯಾರು ಏನು ಮಾಡ್ತಾರೆ?"

ಏಸಿಯ ನೀರು ಬಕೆಟಿಗೆ ಬೀಳುತ್ತಿತ್ತು.

"ಫ್ಲೋರಿನಳ ಪೇಪರು..." ಎಂದೆ. ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಮಾಸ್ತರ್ರು ನನ್ನ ಮುಖ ನೋಡಿದರು. ನಾನು ಬೈಗುಳ ಕಾಯುತ್ತಿದ್ದೆ. ಬೈದಿದ್ದರೆ ಬಹುಶಃ ನಾನು ಕೀ ಎಸೆದು ಬಿಡುತ್ತಿದ್ದೆ.

"ಹೌದು" ಎಂದರು ನಿಧಾನವಾಗಿ. "ನಿಮಗೂ ಒಂದು ಮಗು ಉಂಟು. ಆ ದಿನ ನನಗೂ ಒಂದು ಕೈ ಇತ್ತು ವಿಕ್ಟರ್, ಕೆಳಗೆ ಇಟ್ಕೊಳ್ಳಬಹುದಿತ್ತು. ಎತ್ತಿದೆ. ನಿಮ್ಮನ್ನು ಏನು ಹೇಳುವುದು?"

ಕಪಾಟನ್ನು ಅಂಗೈಯಿಂದ ಒಮ್ಮೆ ಮುಟ್ಟಿ ಎದ್ದು ಹೋದರು. ಊಟಕ್ಕೆ ನಿಲ್ಲಿ ಎಂದರೂ ನಿಲ್ಲಲಿಲ್ಲ. ನಾನು ಕಿಟಕಿಯಿಂದ ನೋಡಿದೆ. ನೆರಳೇ ಇಲ್ಲದ ರಸ್ತೆಯಲ್ಲಿ ಛತ್ರಿ ಬಿಡಿಸದೆ ಟ್ಯಾಕ್ಸಿ ನಿಲ್ಲುವಲ್ಲಿಗೆ ನಡೆದರು. ಆ ಮಧ್ಯಾಹ್ನ ನಾನು ಮೀನು ಸಾರು ಮಾಡಿ ಹೊಟ್ಟೆ ತುಂಬ ಉಂಡು ಮಲಗಿದೆ. ನಿದ್ದೆಯೂ ಬಂತು. ಇದನ್ನು ಹೇಳದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಇಪ್ಪತ್ತೈದು ಬಂತು, ಹೋಯಿತು. ಆಗಸ್ಟ್ ಹತ್ತಕ್ಕೆ ಮುತಿಂತಾಳ ಟೆಲಿಗ್ರಾಂ ಬಂತು. ಅದರಲ್ಲಿ ನಾಲ್ಕೇ ಶಬ್ದ, ದಯವಿಟ್ಟು ಎಂಬುದು ಎರಡು ಸಲ. ಆಗಸ್ಟ್ ಕೊನೆಯ ಸೋಮವಾರ ನಾನು ಆಫೀಸಿನಲ್ಲಿ ಹೊಸದಾಗಿ ಬಂದ ಮೇಸ್ತ್ರಿಗಳ ಪಾಸ್‌ಪೋರ್ಟುಗಳನ್ನು ಅಕ್ಷರದ ಕ್ರಮದಲ್ಲಿ ಜೋಡಿಸುತ್ತಿದ್ದೆ. ಗಡಿಯಾರ ನೋಡಿದೆ. ಅಲ್ಲಿ ಆಗ ಬೆಳಗಿನ ಹೊತ್ತು. ಮೇಸ್ತ್ರಿಯೊಬ್ಬ ಕೌಂಟರಿನ ಆಚೆ ನಿಂತು "ಸಾಬ್, ವಾಪಸ್ ಕಬ್ ಮಿಲೇಗಾ?" ಎಂದು ಕೇಳಿದ. ಮಿಲೇಗಾ, ಮಿಲೇಗಾ ಎಂದೆ.

ಶೆಟ್ಟರು ಸೆಪ್ಟೆಂಬರಿನಲ್ಲಿ ಬಂದರು. ಮಾತಿಗೆ ತಪ್ಪುವವರಲ್ಲ, ಬಂದ ಮೂರನೇ ದಿನ ನನ್ನ ಅರ್ಜಿಗೆ ಸಹಿ ಹಾಕಿದರು. ಅಕ್ಟೋಬರಿನ ಸಭೆಗೆ ಎಲ್ಲರೂ ಊರಿನ ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು ಹಿಡಿದುಕೊಂಡು ನಗುನಗುತ್ತ ಬಂದರು. ರೇಮಂಡ್ ಮಾಸ್ತರ್ರು ಮಾತ್ರ ಬರಲಿಲ್ಲ. ಅವರ ರಾಜೀನಾಮೆ ಅಂಚೆಯಲ್ಲಿ ಬಂದಿತ್ತು. ಕಾರಣ ಕೊಟ್ಟಿರಲಿಲ್ಲ. ವಿಷಾದದಿಂದ ಸ್ವೀಕರಿಸಲಾಯಿತು ಎಂದು ಬರೆದೆ. ಮುತಿಂತಾಳ ಮನವಿ ಎರಡು ನಿಮಿಷದಲ್ಲಿ ಪಾಸಾಯಿತು.

"ಪಾಪ, ಒಳ್ಳೆ ಹುಡುಗಿ, ಕೊಡುವ ಕೊಡುವ" ಎಂದರು ಒಬ್ಬರು.

"ಯಲ್ಲಾ, ಸರ್ವಾನುಮತ ಅಂತ ಬರಿ" ಎಂದರು ಶೆಟ್ಟರು.

ಹಮೀದ್ ಮಾತ್ರ ತಟ್ಟೆಯ ಕಡೆ ನೋಡುತ್ತ, "ಸೀಟು ಹೋಗಿ ತಿಂಗಳ ಮೇಲಾಯ್ತು" ಎಂದ. ನಾನು ಕಪಾಟು ತೆರೆದೆ. ಹತ್ತೊಂಬತ್ತರಲ್ಲಿ ಅವಳದು ಮೇಲಿನಿಂದ ಮೂರನೆಯದು, ಹುಡುಕುವ ಕಷ್ಟವೂ ಇರಲಿಲ್ಲ. ಮರುದಿನವೇ ರಿಜಿಸ್ಟರ್ಡ್ ಮಾಡಿದೆ.

ನವೆಂಬರಿನಲ್ಲಿ ಫ್ಲೋರಿನ್ ಮಗುವನ್ನು ಎತ್ತಿಕೊಂಡು ಸೀಬ್ ವಿಮಾನ ನಿಲ್ದಾಣದಲ್ಲಿ ಇಳಿದಳು. ಮಗು ನನ್ನನ್ನು ನೋಡಿ ಅತ್ತಿತು. ಒಂದು ವಾರದಲ್ಲಿ ರೂಢಿಯಾಯಿತು. ನಾನು ಸುಖವಾಗಿದ್ದೆ. ಆ ಚಳಿಗಾಲದ ಸಂಜೆಗಳಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲ ದಂಡೆಯಲ್ಲಿ ನಡೆಯುವಾಗ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಫೆಬ್ರವರಿಯಲ್ಲಿ ಜಾಂಬಿಯಾದಿಂದ ಒಂದು ಲಕೋಟೆ ಬಂತು. ಒಳಗೆ ಸರ್ಟಿಫಿಕೇಟು, ಅದೇ ಅಸಲು, ಜೊತೆಗೆ ಒಂದು ಪತ್ರ. ಮಂಡಳಿಯ ದಯೆಗೆ ವಂದನೆ. ನರ್ಸಿಂಗ್ ಶಾಲೆಯ ಸೀಟು ಇನ್ನೊಬ್ಬಳಿಗೆ ಹೋಗಿದೆ, ಅವಳು ನನ್ನ ಗೆಳತಿ, ಚೆನ್ನಾಗಿ ಓದುತ್ತಿದ್ದಾಳೆ. ನಾನು ನಮ್ಮ ಶಾಲೆಯಲ್ಲೇ ಕಲಿಸುತ್ತಿದ್ದೇನೆ. ಎರಡು ವರ್ಷ ಮುಗಿಯುವವರೆಗೆ ಸರ್ಟಿಫಿಕೇಟು ನಿಮ್ಮಲ್ಲಿ ಇರಬೇಕೆಂಬುದು ನಿಯಮ, ಆದ್ದರಿಂದ ಹಿಂದಕ್ಕೆ ಕಳಿಸುತ್ತಿದ್ದೇನೆ. ಇಲ್ಲಿ ನನಗೆ ಇದರಿಂದ ಈಗ ಉಪಯೋಗವಿಲ್ಲ.

ಅದರಲ್ಲಿ ಕೋಪ ಇದೆಯೇ ಎಂದು ನಾನು ಹತ್ತು ಸಲ ಓದಿದೆ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ದುಂಡು ಅಕ್ಷರ, ನೀಲಿ ಶಾಯಿ, ಅಷ್ಟೇ. ಪತ್ರವನ್ನು ಶೆಟ್ಟರಿಗೆ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಟನೆ ಅಲ್ಲ.

"ನೋಡು ವಿಕ್ಟರ್, ಎಂಥಾ ಶಿಸ್ತು! ನಾವು ಬೆಳೆಸಿದ ಮಗು ಇದು. ಈ ಪತ್ರವನ್ನು ವಾರ್ಷಿಕೋತ್ಸವದಲ್ಲಿ ಓದಬೇಕು. ನೀನೇ ಓದು, ಕನ್ನಡ ಮಾಡಿ ಓದು."

ಮಾರ್ಚಿನ ಒಂದು ಶುಕ್ರವಾರ ಸಂಜೆ ವಾರ್ಷಿಕೋತ್ಸವ. ಬಾಡಿಗೆಗೆ ಹಿಡಿದ ಸಭಾಂಗಣ ತುಂಬಿತ್ತು. ಮಕ್ಕಳ ಡ್ಯಾನ್ಸ್ ಆದ ಮೇಲೆ ನನ್ನನ್ನು ಕರೆದರು. ಆಡಳಿತ ಮಂಡಳಿ ವೇದಿಕೆಯ ಮೇಲೆ ಸಾಲಾಗಿ ಕುಳಿತಿತ್ತು, ಶೆಟ್ಟರು ನಡುವೆ. ನಾನು ಮೈಕಿನ ಮುಂದೆ ನಿಂತು ಮುತಿಂತಾಳ ಪತ್ರ ಓದಿದೆ. ಸೀಟು ಗೆಳತಿಗೆ ಹೋದ ಸಾಲನ್ನು ಬಿಟ್ಟೆ. ಹಾಗೆ ಬಿಡು ಎಂದು ಶೆಟ್ಟರು ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಮುಗಿಸಿದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎರಡನೇ ಸಾಲಿನಲ್ಲಿ ಫ್ಲೋರಿನ್ ಮಗುವಿನ ಎರಡೂ ಕೈ ಹಿಡಿದು ಅದರಿಂದಲೂ ಚಪ್ಪಾಳೆ ತಟ್ಟಿಸುತ್ತಿದ್ದಳು.

ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಅವಳು ಕೇಳಿದಳು, "ಪಾಪದ ಹುಡುಗಿ ಅಲ್ವಾ? ನಿಮಗೆ ಗೊತ್ತುಂಟಾ ಅವಳು?"

ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

"ಗೊತ್ತಿಲ್ಲ" ಎಂದೆ.